ತೋಟದ ಮನೆಯ ಹಿರಿಯರೂ ಅವರನ್ನು ನೋಡಿಕೊಳ್ಳುವವರೂ

(ಸದಸ್ಯರ ಅಧ್ಯಯನ ಪಾಠ)



ಈ ಪುಟಗಳಲ್ಲಿ ಸಾಮಾನ್ಯವಾಗಿ ಗೊಬ್ಬರ, ಮದ್ದು, ಮರಗಸಿ, ಮಾರುಕಟ್ಟೆ ದರ ಇವುಗಳ ವಿಚಾರ ಬರುವುದು ವಾಡಿಕೆ. ಈ ಸಲದ ಪಾಠ ಮನೆಯೊಳಗಿನದು. ತೋಟ ಎಬ್ಬಿಸಿದ ಹಿರಿಯರು ಈಗ ಹೇಗಿದ್ದಾರೆ? ಅವರ ಆರೈಕೆ ಮಾಡುವವರು ಹೇಗಿದ್ದಾರೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದೆ. ಮೊದಲನೆಯದನ್ನು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಸದಸ್ಯರು ಇದನ್ನು ಮನೆಯಲ್ಲಿ ಎಲ್ಲರೂ ಕೇಳುವಂತೆ ಒಮ್ಮೆ ಓದಿ, ಆಮೇಲೆ ಕೊನೆಯಲ್ಲಿರುವ ಪ್ರಶ್ನೆಗಳನ್ನು ಸಂಘದ ಸಭೆಯಲ್ಲಿ ಚರ್ಚಿಸಬೇಕಾಗಿ ಕೋರಿಕೆ.

1. ಈ ಪಾಠ ಈಗ ಏಕೆ?

ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಜನರ ಸರಾಸರಿ ಆಯುಸ್ಸು ಸುಮಾರು 32 ವರ್ಷವಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯ ಹೊತ್ತಿಗೇ 60 ವರ್ಷ ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಇದ್ದರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆಯುಸ್ಸು ಬೆಳೆದ ಕಾಲದಲ್ಲಿಯೇ ಮನೆ ಚಿಕ್ಕದಾಗಿದೆ. ಹಿಂದೆ ಒಂದೇ ಒಲೆಯ ಮೇಲೆ ಹದಿನೈದು ಮಂದಿಗೆ ಅನ್ನವಾಗುತ್ತಿದ್ದ ಮನೆಗಳಲ್ಲಿ ಇಂದು ಮೂವರೋ ನಾಲ್ವರೋ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಸಮುದ್ರದಾಚೆ. ಎಷ್ಟೋ ಮನೆಗಳಲ್ಲಿ ಎಪ್ಪತ್ತೈದರ ಯಜಮಾನರನ್ನು ಎಪ್ಪತ್ತರ ಮನೆಯಾಕೆ ನೋಡಿಕೊಳ್ಳುತ್ತಿದ್ದಾರೆ.

ಇದಲ್ಲದೆ ತೋಟದ ಮನೆಗೆ ತನ್ನದೇ ಆದ ಕಷ್ಟಗಳುಂಟು. ನೆರೆಮನೆ ಕೂಗಳತೆಯಲ್ಲಿರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಮೂರು ದಿನ ಹೋದರೂ ಆಶ್ಚರ್ಯವಿಲ್ಲ. ಹಳ್ಳ ಬಂದರೆ ಸಂಕ ದಾಟುವಂತಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಮನೆಯ ಎಲ್ಲ ಕೈಗಳೂ ತೋಟದಲ್ಲಿ ಇಲ್ಲವೇ ಕಣದಲ್ಲಿ ಇರುತ್ತವೆ. ಆದುದರಿಂದ ಪಟ್ಟಣದವರಿಗಾಗಿ ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಉಳಿದರ್ಧವನ್ನು ನಾವೇ ಯೋಚಿಸಿಕೊಳ್ಳಬೇಕು.

2. ವಯಸ್ಸು ಬೇರೆ, ಕಾಯಿಲೆ ಬೇರೆ

“ವಯಸ್ಸಾಯ್ತಲ್ಲ, ಇನ್ನೇನು” ಎಂಬ ಒಂದು ಮಾತಿನಿಂದ ಎಷ್ಟೋ ಕಾಯಿಲೆಗಳು ಮುಚ್ಚಿಹೋಗುತ್ತವೆ. ಅಡಿಕೆ ಮರದ ಸೋಗೆ ಹಳದಿಯಾದರೆ ಹಳೆಯ ಮರವೆಂದು ಸುಮ್ಮನಿರದೆ ಬೇರು ನೋಡುತ್ತೇವೆ, ಮಣ್ಣು ನೋಡುತ್ತೇವೆ. ಹಿರಿಯರ ವಿಷಯದಲ್ಲಿಯೂ ಅದೇ ಕ್ರಮ ಬೇಕು.

ಕೂದಲು ನರೆಯುವುದು, ಚರ್ಮ ಸುಕ್ಕಾಗುವುದು, ನಡಿಗೆ ಸ್ವಲ್ಪ ನಿಧಾನವಾಗುವುದು, ಒಂದು ಹೆಸರು ನೆನಪಿಗೆ ಬರಲು ಸಮಯ ಹಿಡಿಯುವುದು ವಯಸ್ಸಿನ ಸಹಜ ಲಕ್ಷಣಗಳು. ಕೆಳಗಿನವು ಸಹಜವಲ್ಲ, ಇವುಗಳನ್ನು ವೈದ್ಯರಿಗೆ ತೋರಿಸಲೇಬೇಕು:

(ಅ) ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಹಾಕುವ ಅಂಗಿ ತಿಂಗಳು ತಿಂಗಳಿಗೆ ಸಡಿಲವಾಗುವುದು.
(ಆ) ಮೇಲಿಂದ ಮೇಲೆ ಬೀಳುವುದು ಅಥವಾ ಬೀಳುವಂತಾಗುವುದು.
(ಇ) ನಾಲ್ಕು ಹೆಜ್ಜೆಗೆ ಉಬ್ಬಸ, ಕಾಲು ಬಾತುಕೊಳ್ಳುವುದು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು.
(ಈ) ಮೂತ್ರ ತಡೆಯಲಾಗದಿರುವುದು. ನಾಚಿಕೆಯಿಂದ ಹಿರಿಯರು ಇದನ್ನು ಹೇಳುವುದಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ.
(ಉ) ಊಟ, ಮಾತು, ಹಬ್ಬ ಯಾವುದರಲ್ಲಿಯೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಮಂಕಾಗಿರುವುದು.
(ಊ) ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಇದ್ದಕ್ಕಿದ್ದಂತೆ ಗೊಂದಲದ ಮಾತಾಡುವುದು.

ಈ ಕೊನೆಯ ಲಕ್ಷಣವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಬಹುಪಾಲು ದೇಹದೊಳಗೆ ಒಂದು ಕಾರಣವಿರುತ್ತದೆ: ಮೂತ್ರದ ಸೋಂಕು, ಎದೆಯ ಸೋಂಕು, ರಕ್ತದಲ್ಲಿ ಸೋಡಿಯಂ ಎಂಬ ಲವಣದ ಅಂಶ ಇಳಿದಿರುವುದು, ಸಕ್ಕರೆ ಇಳಿದಿರುವುದು, ಹೊಸ ಮಾತ್ರೆ, ಕೆಲವೊಮ್ಮೆ ಬರಿಯ ಮಲಬದ್ಧತೆ. ಮುದಿತನದ ಅರಳು ಮರಳು ಎಂದು ಬಿಟ್ಟರೆ ಪ್ರಾಣಕ್ಕೆ ಅಪಾಯ. ಕಾರಣ ಹಿಡಿದು ಚಿಕಿತ್ಸೆ ಮಾಡಿದರೆ ಹಲವರು ಮೊದಲಿನಂತಾಗುತ್ತಾರೆ.

ಮಾತ್ರೆಗಳ ಬಗ್ಗೆ ಒಂದು ಮಾತು. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯದ ಪುಡಿ, ಲೇಹ್ಯ, ಅಂಗಡಿಯಿಂದ ತಂದ ನೋವಿನ ಗುಳಿಗೆ ಇವೆಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಒಯ್ಯಿರಿ. ಒಂದೇ ಔಷಧಿ ಎರಡು ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುತ್ತಿರುವುದು ಆಗ ಗೊತ್ತಾಗುತ್ತದೆ. ಮೊಣಕಾಲು ನೋವಿಗೆಂದು ವೈದ್ಯರನ್ನು ಕೇಳದೆ ದಿನವೂ ನುಂಗುವ ನೋವಿನ ಗುಳಿಗೆಯಿಂದ ಮೂತ್ರಪಿಂಡಕ್ಕೂ ಜಠರಕ್ಕೂ ಕೇಡು.

3. ಕೆಲಸ ಬಿಡಿಸಬೇಡಿ, ಅಪಾಯ ಬಿಡಿಸಿ

ಐವತ್ತು ವರ್ಷ ತೋಟ ತಿರುಗಿದವರನ್ನು ಒಂದು ದಿನ ಕುರ್ಚಿಯಲ್ಲಿ ಕೂರಿಸಿ “ಅಪ್ಪಯ್ಯ, ನೀವು ಇನ್ನು ಆರಾಮಾಗಿರಿ” ಎನ್ನುವುದು ಪ್ರೀತಿಯ ಮಾತೇ. ಆದರೆ ಸ್ನಾಯು ಬಹಳ ಬೇಗ ಕರಗುತ್ತದೆ. ವಯಸ್ಸಾದವರು ಹತ್ತು ದಿನ ಹಾಸಿಗೆಯಲ್ಲಿ ಉಳಿದರೆ ಕಳೆದುಕೊಂಡ ಬಲವನ್ನು ಮತ್ತೆ ಗಳಿಸಲು ಎಷ್ಟೋ ವಾರಗಳು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ ಬೇಕು; ಅದರೊಂದಿಗೆ ವಾರಕ್ಕೆ ಎರಡು ದಿನ ಸ್ನಾಯುಬಲದ, ಮೂರು ದಿನ ಸಮತೋಲದ ಅಭ್ಯಾಸ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಇಷ್ಟೇ ಸಾಕು ಆರಂಭಕ್ಕೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಶುರು ಮಾಡಬೇಕು.

ಹಿರಿಯರಿಗೆ ಒಪ್ಪುವ ಕೆಲಸಗಳು ತೋಟದಲ್ಲಿ ಬೇಕಾದಷ್ಟಿವೆ: ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಬೀಜ ಆರಿಸುವುದು, ಒಣಗಿದ ಅಡಿಕೆ ವಿಂಗಡಿಸುವುದು, ಮಳೆ ಅಳತೆ ಬರೆದಿಡುವುದು, ಆಳುಗಳ ಹಾಜರಿ ಬರೆಯುವುದು. ಬಿಡಿಸಬೇಕಾದ್ದು ಏಣಿ ಹತ್ತುವುದು, ದೋಟಿ ಹಿಡಿಯುವುದು, ಮದ್ದು ಹೊಡೆಯುವುದು, ಒಬ್ಬರೇ ಸಂಕ ದಾಟಿ ಹೋಗುವುದು. ಯಾವ ಧರೆಯ ಪಕ್ಕ ನೀರು ಜಿನುಗುತ್ತದೆ, ಯಾವ ಮರದ ನೆರಳು ಹೆಚ್ಚಾಗಿದೆ ಎಂಬುದು ಅವರ ತಲೆಯಲ್ಲಿದೆ. ಅದನ್ನು ಕೇಳಿ ಬರೆದುಕೊಳ್ಳುವುದರಿಂದ ಅವರಿಗೂ ಮನಸ್ಸಿಗೆ ಹಿತ, ತೋಟಕ್ಕೂ ಲಾಭ.

ಊಟದ ವಿಷಯ. ಹಲ್ಲಿಲ್ಲವೆಂದು ಗಂಜಿ, ಬ್ರೆಡ್ಡು, ಕಾಫಿಯಲ್ಲಿ ದಿನ ಕಳೆಯುವ ಹಿರಿಯರು ಬಹಳ. ಸ್ನಾಯು ಉಳಿಯಲು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ಒಂದು ಗ್ರಾಂ ಸಸಾರಜನಕ ಬೇಕು. ಮೆತ್ತಗೆ ಬೇಯಿಸಿದ ಬೇಳೆ, ಹೆಸರುಕಾಳು, ಮೊಸರು, ಹಾಲು, ಒಗ್ಗುವವರಿಗೆ ಮೊಟ್ಟೆ, ಮೀನು ಇವು ದಿನದ ಮೂರು ಹೊತ್ತಿನಲ್ಲಿಯೂ ಹಂಚಿಹೋಗಲಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತ್ರ ಪ್ರಮಾಣವನ್ನು ವೈದ್ಯರು ಹೇಳಬೇಕು. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚ, ದಾಟಬಾರದು. ಮಾವಿನ ಮಿಡಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ಕವಳದ ಬಗ್ಗೆ ಅಡಿಕೆ ಬೆಳೆಗಾರರ ಪತ್ರಿಕೆ ಮೌನವಾಗಿರುವುದು ಸರಿಯಲ್ಲ. ತಂಬಾಕು ಬೆರೆಸಿದ ಕವಳದ ಕೇಡು ಎಲ್ಲರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದರ ಬಗ್ಗೆ ಬೆಳೆಗಾರರಲ್ಲಿ ವಾದವಿದೆ. ವಾದ ಏನೇ ಇರಲಿ, ಕವಳ ಹಾಕುವ ಹಿರಿಯರ ಬಾಯಿಯನ್ನು ತಿಂಗಳಿಗೊಮ್ಮೆ ಬೆಳಕಿನಲ್ಲಿ ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಬಾರದಿರುವುದು ಕಂಡರೆ ತಡಮಾಡದೆ ತೋರಿಸಿ. ಮೊದಲ ಹಂತದಲ್ಲಿ ಸಿಕ್ಕಿದ ಬಾಯಿ ಕ್ಯಾನ್ಸರು ಗುಣವಾಗುವ ಸಂಭವ ಬಹಳ ಹೆಚ್ಚು.

4. ಬೀಳುವುದನ್ನು ತಡೆಯುವುದು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 65 ದಾಟಿದವರಲ್ಲಿ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ, ಸಾಲ. ಆಮೇಲೆ ಸ್ವತಂತ್ರವಾಗಿ ನಡೆಯುವ ಭಾಗ್ಯ ಎಲ್ಲರಿಗೂ ಮರಳುವುದಿಲ್ಲ. ಆದುದರಿಂದ ಮುಂಗಾರಿಗೆ ಮುಂಚೆ ತೋಟದ ಬಸಿಗಾಲುವೆ ಬಿಡಿಸುವಂತೆ ಮನೆಯಲ್ಲಿಯೂ ಈ ಕೆಲಸಗಳನ್ನು ಮುಗಿಸಿಕೊಳ್ಳಿ:

(ಅ) ಅಂಗಳದಿಂದ ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಯ ಪಾಚಿಯನ್ನು ಕೆರೆಸಿ. ಹಾಸಿದ ಕಲ್ಲು, ಅಡಿಕೆ ದಬ್ಬೆ ಅಲುಗಾಡದಂತಿರಲಿ. ಪಕ್ಕದಲ್ಲಿ ಹಿಡಿದು ನಡೆಯಲು ಗಳ ಕಟ್ಟಿ.
(ಆ) ಬಚ್ಚಲಿನ ನೆಲ ಒರಟಾಗಿರಲಿ. ಗೋಡೆಗೆ ಗಟ್ಟಿಯಾದ ಕಬ್ಬಿಣದ ಹಿಡಿ, ಸ್ನಾನಕ್ಕೆ ಜಾರದ ಸ್ಟೂಲು. ಬಾಗಿಲಿಗೆ ಒಳಗಿನ ಚಿಲಕ ಬೇಡ.
(ಇ) ಶೌಚಾಲಯ ಹೊರಗಿದ್ದರೆ ರಾತ್ರಿಯ ಉಪಯೋಗಕ್ಕೆ ಹಾಸಿಗೆಯ ಪಕ್ಕ ಕಮೋಡು ಕುರ್ಚಿ ಇಡಿ. ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವುದುಂಟು.
(ಈ) ದಿಂಬಿನ ಬಳಿ ಟಾರ್ಚು. ಎದ್ದ ಕೂಡಲೇ ನಡೆಯದೆ ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ನಿಲ್ಲುವ ಅಭ್ಯಾಸ.
(ಉ) ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ. ಸವೆದ ಹವಾಯಿ ಚಪ್ಪಲಿ ಎಸೆದು ಹಿಮ್ಮಡಿ ಹಿಡಿಯುವ ಚಪ್ಪಲಿ.
(ಊ) ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಶಿಬಿರಗಳಲ್ಲಿಯೂ ಉಚಿತವಾಗಿ ನಡೆಯುತ್ತದೆ.

ಬಿದ್ದವರನ್ನು ಕಂಡ ಕೂಡಲೇ ರಟ್ಟೆ ಹಿಡಿದು ಎಳೆದು ಎಬ್ಬಿಸಬಾರದು. ಎಲ್ಲಿ ನೋವು ಎಂದು ಕೇಳಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿರಬಹುದು. ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟಾದರೆ, ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

5. ಹಾಸಿಗೆ ಹಿಡಿದವರ ಆರೈಕೆ

ಹಾಸಿಗೆ ಹುಣ್ಣು ಬರುವುದು ಒಂದೇ ಕಡೆ ಭಾರ ಬಿದ್ದು ರಕ್ತ ಓಡಾಡದೆ ಇರುವುದರಿಂದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಇದಕ್ಕೆ ಮೊದಲ ಮದ್ದು. ಎಡ, ಬೆನ್ನು, ಬಲ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸರದಿ ತಪ್ಪುವುದಿಲ್ಲ. ಸೊಂಟದ ಕೆಳಭಾಗ, ಹಿಮ್ಮಡಿ, ಮೊಣಕೈ ಇವನ್ನು ದಿನವೂ ನೋಡಿ. ಕೆಂಪಾದ ಜಾಗವನ್ನು ತಿಕ್ಕಬಾರದು. ಆ ಭಾಗಕ್ಕೆ ಭಾರ ಬೀಳದಂತೆ ಮಾಡಬೇಕು. ಮೀನಖಂಡದ ಅಡಿ ದಿಂಬು ಕೊಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ಎತ್ತಿಡಬಹುದು. ಗಾಳಿ ಹಾಸಿಗೆಯಿಂದ ಸಹಾಯವುಂಟು. ಆದರೆ ಗಾಳಿ ಹಾಸಿಗೆ ತಂದೆವೆಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ತಿನ್ನಿಸುವಾಗ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಚಿಕ್ಕ ತುತ್ತು, ಒಂದು ನುಂಗಿದ ಮೇಲೆ ಇನ್ನೊಂದು. ಊಟವಾದ ಅರ್ಧ ಗಂಟೆ ಮಲಗಿಸಬೇಡಿ. ಪ್ರತಿ ತುತ್ತಿಗೂ ಕೆಮ್ಮು ಬಂದರೆ, ನೀರು ಕುಡಿದಾಗ ಧ್ವನಿ ಗೊರಗೊರ ಎಂದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ಅನುಮಾನಿಸಿ ವೈದ್ಯರಿಗೆ ತಿಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನಾಗಲಿ ಕಾಫಿಯನ್ನಾಗಲಿ ಹಾಕಲೇಬಾರದು.

ಎತ್ತುವವರು ತಮ್ಮ ಸೊಂಟವನ್ನು ಮರೆಯಬಾರದು. ಕಾಫಿ ಮೂಟೆ ಎತ್ತುವಾಗ ಮೊಣಕಾಲು ಬಗ್ಗಿಸುವವರು ಅಮ್ಮನನ್ನು ಎತ್ತುವಾಗ ಬೆನ್ನು ಬಗ್ಗಿಸುತ್ತಾರೆ. ಹತ್ತಿರ ನಿಂತು, ಮೊಣಕಾಲು ಬಗ್ಗಿಸಿ, “ಒಂದು, ಎರಡು, ಮೂರು” ಎಂದು ಹೇಳಿ ಅವರೂ ಕೈಲಾದಷ್ಟು ಬಲ ಹಾಕುವಂತೆ ಮಾಡಿ ಎಬ್ಬಿಸಬೇಕು. ಪೂರ್ತಿ ಭಾರ ಬಿಡುವವರನ್ನು ಒಬ್ಬರೇ ಎತ್ತಬಾರದು.

6. ಮರೆವಿನ ಕಾಯಿಲೆ

2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರಿಗೂ ಆಗುತ್ತದೆ. ಕನ್ನಡಕ ಏತಕ್ಕೆ ಎಂಬುದೇ ಮರೆಯುವುದು, ಐವತ್ತು ವರ್ಷ ನಡೆದ ತೋಟದಲ್ಲಿ ದಾರಿ ತಪ್ಪುವುದು, ಊಟ ಮಾಡಿ ಹತ್ತು ನಿಮಿಷಕ್ಕೆ “ಊಟ ಹಾಕಲಿಲ್ಲ” ಎನ್ನುವುದು ಕಾಯಿಲೆಯ ಲಕ್ಷಣ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಸಮಿತಿಯು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ದೃಷ್ಟಿದೋಷ, ಒಂಟಿತನ ಮೊದಲಾದ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಪ್ರಪಂಚದ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಹೇಳಿದೆ.

ಈ ಕಾಯಿಲೆಯವರೊಡನೆ ವಾದ ಮಾಡಿ ಪ್ರಯೋಜನವಿಲ್ಲ. ಅತ್ತೆ “ನನ್ನ ಬಳೆ ಕದ್ದೆ” ಎಂದು ಸೊಸೆಯ ಮೇಲೆ ಹೊರಿಸಿದರೆ ಅದು ಕಾಯಿಲೆ ಆಡಿಸುವ ಮಾತು. “ಬನ್ನಿ ಅತ್ತೆ, ಇಬ್ಬರೂ ಹುಡುಕೋಣ” ಎಂದು ಮಾತು ತಿರುಗಿಸುವುದು ಮೇಲು. ಇದನ್ನು ನೆಂಟರೂ ತಿಳಿದಿರಬೇಕು. ಒಂದು ದಿನಕ್ಕೆ ಬಂದು ಹೋಗುವವರೆದುರು ಹಿರಿಯರು ಸರಿಯಾಗಿಯೇ ಮಾತಾಡುತ್ತಾರೆ. ನೆಂಟರು ಆಪಾದನೆಯನ್ನು ನಂಬಿ ಸೊಸೆಯನ್ನು ಅನುಮಾನದಿಂದ ನೋಡಿದರೆ ಆಕೆಗೆ ಅದಕ್ಕಿಂತ ದೊಡ್ಡ ನೋವಿಲ್ಲ.

ತೋಟದ ಮನೆಯಲ್ಲಿ ಇಂಥವರಿದ್ದರೆ ಬಾವಿಗೆ, ಕೃಷಿ ಹೊಂಡಕ್ಕೆ ಬೇಲಿ ಕಡ್ಡಾಯ. ಕೀಟನಾಶಕ, ಕಳೆನಾಶಕಗಳಿಗೂ ಕೋವಿಗೂ ಬೀಗ, ಬೀಗದ ಕೈ ಇನ್ನೊಬ್ಬರಲ್ಲಿ. ಮರೆವು ಇಲ್ಲದಿದ್ದರೂ ಮನಸ್ಸು ಕುಗ್ಗಿದ ಹಿರಿಯರಿರುವ ಮನೆಯಲ್ಲಿ ಈ ಬೀಗ ಪ್ರಾಣ ಉಳಿಸುತ್ತದೆ. “ನಾನಿದ್ದು ನಿಮಗೆ ಭಾರ” ಎಂಬ ಮಾತು ಮತ್ತೆ ಮತ್ತೆ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. 14416 ಸಂಖ್ಯೆಗೆ ಕರೆ ಮಾಡಿದರೆ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ. ಈ ಸೇವೆ 2022ರಿಂದ ಹಗಲು ರಾತ್ರಿ ನಡೆಯುತ್ತಿದೆ. ನೋಡಿಕೊಳ್ಳುವವರೂ ತಮಗಾಗಿ ಇದೇ ಸಂಖ್ಯೆಗೆ ಕರೆ ಮಾಡಬಹುದು.

7. ಕಾಣದ ಆಳುಲೆಕ್ಕ

ಬೆಳೆಗಾರನಿಗೆ ಆಳುಲೆಕ್ಕ ಹೊಸದಲ್ಲ. ಮನೆಯ ಆರೈಕೆಗೂ ಅದನ್ನು ಒಮ್ಮೆ ಹಾಕಿ ನೋಡೋಣ. ಹಾಸಿಗೆ ಹಿಡಿದ ಮಾವನವರನ್ನು ಸೊಸೆ ನೋಡಿಕೊಳ್ಳುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮೈ ಒರೆಸಿ ಬಟ್ಟೆ ಬದಲಿಸಲು ಒಂದು ಗಂಟೆ. ತಿಂಡಿ, ಊಟ ತಿನ್ನಿಸಲು ಎರಡು ಗಂಟೆ. ಶೌಚ, ಹಾಸಿಗೆ ಬಟ್ಟೆ ಒಗೆಯಲು ಎರಡು ಗಂಟೆ. ಮಗ್ಗುಲು ಬದಲಿಸಲು, ಮಾತ್ರೆ ಕೊಡಲು ಒಂದು ಗಂಟೆ. ಒಟ್ಟು ದಿನಕ್ಕೆ 6 ಗಂಟೆ, ತಿಂಗಳಿಗೆ 180 ಗಂಟೆ. ಎಂಟು ಗಂಟೆಗೊಂದು ಆಳಿನಂತೆ ಇಪ್ಪತ್ತೆರಡೂವರೆ ಆಳು. ರಾತ್ರಿ ಏಳುವುದು ಇದರಲ್ಲಿ ಸೇರಿಲ್ಲ. ಅಡಿಗೆ, ಕೊಟ್ಟಿಗೆ, ಆಳುಗಳ ಕಾಫಿ ತಿಂಡಿ, ಮಕ್ಕಳ ಶಾಲೆ ಇವೂ ಸೇರಿಲ್ಲ. ಇಷ್ಟು ಆಳು ಒಬ್ಬರ ಮೈಮೇಲೆ ಬಿದ್ದಿದೆ; ಹಾಜರಿ ಪುಸ್ತಕದಲ್ಲಿ ಒಂದೂ ಬರೆದಿಲ್ಲ; ಭಾನುವಾರದ ರಜೆಯೂ ಇಲ್ಲ.

ಹೀಗೆ ವರ್ಷಗಟ್ಟಲೆ ನಡೆದರೆ ನೋಡಿಕೊಳ್ಳುವವರೇ ಕಾಯಿಲೆ ಬೀಳುತ್ತಾರೆ. ಅದರ ಮುನ್ಸೂಚನೆಗಳು ಇವು: ಹಿರಿಯರು ಮಲಗಿದ್ದರೂ ತನಗೆ ನಿದ್ರೆ ಬಾರದಿರುವುದು, ಸಣ್ಣದಕ್ಕೆ ಸಿಡುಕಿ ಆಮೇಲೆ ಅಳುವುದು, ತನ್ನ ಬಿ.ಪಿ. ಮಾತ್ರೆ ತಾನೇ ಮರೆಯುವುದು. ಮದುವೆ ಮುಂಜಿಗೆ ಹೋಗುವುದನ್ನು ಪೂರ್ತಿ ಬಿಡುವುದು. “ಇದೆಲ್ಲ ಯಾವಾಗ ಮುಗಿಯುತ್ತದೋ” ಎಂದು ಅನ್ನಿಸಿ, ಹಾಗೆ ಅನ್ನಿಸಿತಲ್ಲ ಎಂದು ತನ್ನನ್ನೇ ಹಳಿದುಕೊಳ್ಳುವುದು. ಹೀಗೆ ಅನ್ನಿಸುವುದು ಪಾಪವಲ್ಲ. ಅದು ದಣಿದ ದೇಹದ ಮಾತು. ಕೈ ಎತ್ತುವ ಮಟ್ಟಿಗೆ ಸಿಟ್ಟು ಬಂದರೆ, ಹಿರಿಯರು ಕ್ಷೇಮವಾಗಿ ಮಲಗಿರುವುದನ್ನು ನೋಡಿ ಹತ್ತು ನಿಮಿಷ ಅಂಗಳಕ್ಕೆ ಬನ್ನಿ. ಆ ದಿನವೇ ಮನೆಯವರಲ್ಲಿ ಸಹಾಯ ಕೇಳಿ.

8. ಆರೈಕೆಗೂ ಮುಯ್ಯಾಳು

ನಾಟಿಗೆ, ಕೊಯ್ಲಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ದುಡಿದು, ಅವರಿಂದ ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವ ಮುಯ್ಯಾಳು ಪದ್ಧತಿ ಮಲೆನಾಡಿಗೆ ಹಳೆಯದು. ದುಡ್ಡಿಲ್ಲದ ಕಾಲದಲ್ಲಿ ಗದ್ದೆ ತೋಟಗಳು ಅದರಿಂದ ನಡೆದವು. ಆಳಿಲ್ಲದ ಈ ಕಾಲದಲ್ಲಿ ಮನೆಯ ಆರೈಕೆಗೆ ಅದನ್ನೇ ಬಳಸಬಾರದೇಕೆ?

ಒಂದು ಊರಿನ ಐದಾರು ಮನೆಗಳು ಸೇರಲಿ. ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಗಂಟೆ, ನೆರೆಮನೆಯ ಒಬ್ಬರು ಬಂದು ಹಿರಿಯರ ಬಳಿ ಕೂರಲಿ. ಆ ಮೂರು ಗಂಟೆಯಲ್ಲಿ ಮನೆಯಾಕೆ ನಿದ್ರೆ ಮಾಡಬಹುದು, ಪೇಟೆಗೆ ಹೋಗಬಹುದು, ತನ್ನ ತವರಿಗೆ ಹೋಗಿ ಬರಬಹುದು. ಏನು ಮಾಡಿದೆ ಎಂದು ಯಾರೂ ಲೆಕ್ಕ ಕೇಳಬಾರದು. ಬಂದು ಕೂರುವವರಿಗೆ ಮಗ್ಗುಲು ಬದಲಿಸುವುದು, ತಿನ್ನಿಸುವುದು, ತುರ್ತಿನಲ್ಲಿ ಯಾರಿಗೆ ಕರೆ ಮಾಡುವುದು ಈ ಮೂರನ್ನು ಮೊದಲೇ ತೋರಿಸಿಕೊಡಬೇಕು. ಕೊಯ್ಲು, ಮದ್ದು ಹೊಡೆಯುವ ವಾರಗಳಲ್ಲಿ ಸರದಿಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕು. ಗಂಡಸರೂ ಸರದಿಯಲ್ಲಿ ಇರಲೇಬೇಕು. ಅಪ್ಪನ ಮೈ ಒರೆಸುವುದು ಮಗನಿಗೆ ಬಾರದ ವಿದ್ಯೆಯೇನಲ್ಲ; ಎಷ್ಟೋ ಹಿರಿಯರಿಗೆ ಸೊಸೆಯಿಂದ ಆ ಸೇವೆ ಪಡೆಯುವುದು ಸಂಕೋಚ, ಮಗನಾದರೆ ನೆಮ್ಮದಿ.

ದೂರದಲ್ಲಿರುವ ಮಕ್ಕಳು “ಏನಾದರೂ ಬೇಕಾದರೆ ಹೇಳಿ” ಎಂದರೆ ಸಾಲದು. ಅವರಿಗೂ ಹೆಸರು ಹಿಡಿದು ಕೆಲಸ ಹಂಚಬೇಕು. ಒಬ್ಬರು ಪ್ರತಿ ತಿಂಗಳ ಔಷಧಿ ತರಿಸುವುದು. ಒಬ್ಬರು ಸಹಾಯಕ್ಕೆ ಬರುವ ಹೆಂಗಸಿನ ಸಂಬಳ ಕೊಡುವುದು. ಒಬ್ಬರು ಕೊಯ್ಲಿನ ಹೊತ್ತಿಗೆ ಹದಿನೈದು ದಿನ ರಜೆ ಹಾಕಿ ಬರುವುದು. ದಿನವೂ ಸಂಜೆ ದೂರವಾಣಿಯಲ್ಲಿ ಅಮ್ಮನೊಡನೆ ಹತ್ತು ನಿಮಿಷ ಮಾತಾಡುವುದೂ ಕೆಲಸವೇ. ನೋಡಿಕೊಳ್ಳುವ ಅಣ್ಣನಿಗೋ ಅತ್ತಿಗೆಗೋ “ನೀವು ಹೇಗಿದ್ದೀರಿ?” ಎಂದು ಮೊದಲು ಕೇಳಲಿ, ಔಷಧಿಯ ವಿಚಾರಣೆ ಆಮೇಲೆ.

9. ತುರ್ತಿನ ಚೀಟಿ

ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ದೂರವಾಣಿಯ ಪಕ್ಕ ತೂಗುಹಾಕಿ: ಹಿರಿಯರ ಹೆಸರು, ವಯಸ್ಸು, ಕಾಯಿಲೆಗಳು, ಮಾತ್ರೆಗಳು, ಒಗ್ಗದ ಔಷಧಿ, ಅಂಬುಲೆನ್ಸು 108, ಜೀಪು ಇರುವ ಇಬ್ಬರು ನೆರೆಯವರ ಸಂಖ್ಯೆ, ಮನೆಗೆ ಬರುವ ದಾರಿಯ ಗುರುತು.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆ ನಿಮಗೆ ಎಲ್ಲಿ ಹತ್ತಿರ ಎಂದು ಇಂದೇ ವಿಚಾರಿಸಿ ಚೀಟಿಯಲ್ಲಿ ಬರೆಯಿರಿ. ಎಣ್ಣೆ ತಿಕ್ಕಿ, ಬೆಳಗಾಗಲಿ ಎಂದು ಕಾದರೆ ಆ ಗಂಟೆಗಳು ಮತ್ತೆ ಸಿಗುವುದಿಲ್ಲ.

10. ಕಾಗದ ಪತ್ರ

ಹಿರಿಯರ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಕಾಗದ ಪತ್ರ ಸರಿಮಾಡಿಕೊಳ್ಳುವುದು ಎಲ್ಲರಿಗೂ ಕ್ಷೇಮ. ಸಂಘದ ಷೇರು, ಠೇವಣಿ, ಬ್ಯಾಂಕು ಖಾತೆಗಳಿಗೆ ನಾಮಿನಿ ಹೆಸರು ಇದೆಯೇ ನೋಡಿ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಅವಶ್ಯಕ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದುಕೊಟ್ಟವರು ಬುದ್ಧಿ ಸ್ವಾಧೀನ ಕಳೆದುಕೊಂಡರೆ ಪವರ್ ಆಫ್ ಅಟಾರ್ನಿ ಊರ್ಜಿತವಾಗಿ ಉಳಿಯುವುದಿಲ್ಲ ಎಂಬುದನ್ನು ಬಹಳ ಮಂದಿ ತಿಳಿದಿಲ್ಲ.

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯಿದೆಯಂತೆ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಪೋಷಣೆಯ ಹೊಣೆ ಸಮಾನ. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿ ಹೊಂದಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರಿಂದ ಪೋಷಣೆ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಕೊಡಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಮಾಡಿಸಿಕೊಂಡವರು ನೋಡಿಕೊಳ್ಳದಿದ್ದರೆ, ಈ ಕಾಯಿದೆಯ 23ನೇ ಕಲಮಿನಂತೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ತೋಟ ಬರೆದುಕೊಡುವವರು ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಜಾಣತನ. ಅದರಂತೆಯೇ, ವರ್ಷಗಟ್ಟಲೆ ಸೇವೆ ಮಾಡಿದ ಸೊಸೆಯ ಅಥವಾ ಮದುವೆಯಾಗದೆ ಉಳಿದ ಮಗಳ ಮುಂದಿನ ಜೀವನಕ್ಕೆ ಏನು ವ್ಯವಸ್ಥೆ ಎಂಬುದನ್ನೂ ಹಿರಿಯರು ಆಗಲೇ ಯೋಚಿಸಬೇಕು. ಬಾಯಿಮಾತಿನ ಹೊಗಳಿಕೆ ಪಾಲುಪಟ್ಟಿಯ ದಿನ ನೆನಪಿಗೆ ಬರುವುದಿಲ್ಲ.

ಹಿರಿಯರಿಗೆ ಅನ್ಯಾಯವಾದರೆ, ಮಾಹಿತಿ ಬೇಕಾದರೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿತು. ನೋಂದಣಿಗೆ ಕೊನೆಯ ದಿನಾಂಕ ನಿಗದಿಯಾಗುವುದರಿಂದ ಕಾರ್ಯದರ್ಶಿಯವರಲ್ಲಿ ಮುಂಚೆಯೇ ವಿಚಾರಿಸಿ, ಮನೆಯ ಹಿರಿಯರ ಹೆಸರೂ ನೋಡಿಕೊಳ್ಳುವವರ ಹೆಸರೂ ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಿಮ್ಮ ಮನೆಯಲ್ಲಿ ಆರೈಕೆಗೆ ತಿಂಗಳಿಗೆ ಎಷ್ಟು ಆಳು ಬೀಳುತ್ತದೆ? ಅದು ಯಾರ ಮೈಮೇಲೆ? ಲೆಕ್ಕ ಹಾಕಿ ತನ್ನಿ.
(2) “ವಯಸ್ಸಾಯಿತು” ಎಂದು ಬಿಟ್ಟ ಯಾವ ತೊಂದರೆಯನ್ನು ಈ ತಿಂಗಳು ವೈದ್ಯರಿಗೆ ತೋರಿಸಬಹುದು?
(3) ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಮಾಡಬೇಕಾದ ಮೂರು ಕೆಲಸ ಯಾವುವು?
(4) ನಿಮ್ಮ ಊರಿನಲ್ಲಿ ಆರೈಕೆಯ ಮುಯ್ಯಾಳಿಗೆ ಯಾವ ಐದು ಮನೆಗಳು ಸೇರಬಹುದು? ಮೊದಲು ಮಾತೆತ್ತುವವರು ಯಾರು?

ಈ ಚರ್ಚೆಗೆ ಬರುವಾಗ ಯಜಮಾನರು ಒಬ್ಬರೇ ಬರಬಾರದಾಗಿ ವಿನಂತಿ. ಮನೆಯಲ್ಲಿ ನಿಜವಾಗಿ ಆರೈಕೆ ಮಾಡುವವರನ್ನು ಕರೆತನ್ನಿ. ಅವರು ಬರುವ ಆ ಎರಡು ಗಂಟೆ ಹಿರಿಯರ ಬಳಿ ಯಾರು ಕೂರಬೇಕೆಂದು ನೆರೆಯವರೊಡನೆ ಮೊದಲೇ ಮಾತಾಡಿಕೊಂಡರೆ ಮುಯ್ಯಾಳು ಅಲ್ಲಿಂದಲೇ ಆರಂಭವಾದಂತೆ.